ಫೋಟೋದ ಹೋಳಿಗೆ, ಡಬ್ಬಿಯ ಹೋಳಿಗೆ

ಅಡುಗೆಯ ಫೋಟೋ ತೆಗೆಯೋದು ಈಗ ಬರೀ ಹವ್ಯಾಸವಲ್ಲ, ಎಷ್ಟೋ ಮನೆಗಳ ಸಂಪಾದನೆಯ ದಾರಿ. ಅದಕ್ಕೆ ದುಬಾರಿ ಕ್ಯಾಮೆರಾ ಬೇಡ. ಕಿಟಕಿಯ ಬೆಳಕು, ಕೈಲಿರೋ ಮೊಬೈಲು, ಸ್ವಲ್ಪ ತಾಳ್ಮೆ ಸಾಕು. ಸುಳ್ಳಂತೂ ಬೇಡವೇ ಬೇಡ!

ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ನನ್ನ ಓರಗಿತ್ತಿ ಫೋನ್ ಮಾಡಿದಳು. 'ಅಕ್ಕಾ, ಈ ಸಲ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹೋಳಿಗೆ ಆರ್ಡರ್ ತಗೊಳ್ತೀನಿ. ಚೆನ್ನಾಗಿರೋ ಒಂದು ಫೋಟೋ ಹುಡುಕಿಕೊಡ್ತೀರಾ? ನಂಗೆ ಅದೆಲ್ಲ ಬರಲ್ಲ' ಅಂದಳು. ನಾನೂ ಉತ್ಸಾಹದಲ್ಲಿ ಇಂಟರ್‌ನೆಟ್ಟಿನಲ್ಲಿ ಹುಡುಕಿ ಒಂದು ಫೋಟೋ ಕಳಿಸಿದೆ. ಬಾಳೆಲೆ ಮೇಲೆ ಹಾಳೆಯಷ್ಟು ತೆಳ್ಳಗಿನ ಹೋಳಿಗೆ, ಬಂಗಾರದ ಬಣ್ಣ, ಮೇಲಿಂದ ತುಪ್ಪ ಇಳೀತಾ ಇದೆ. ನೋಡಿದರೇ ಬಾಯಲ್ಲಿ ನೀರು!

ಇಪ್ಪತ್ತೆಂಟು ಮನೆಯಿಂದ ಆರ್ಡರ್ ಬಂತು. ಪಾಪ, ಅವಳು ಎರಡು ದಿನ ನಿದ್ದೆಗೆಟ್ಟು ಮಾಡಿದಳು. ಅವಳ ಹೋಳಿಗೆ ನಮ್ಮತ್ತೆ ಕಲಿಸಿದ್ದು. ಸ್ವಲ್ಪ ದಪ್ಪ, ಹೂರಣ ಧಾರಾಳ, ಬೆಲ್ಲ ಕಪ್ಪು ಇದ್ದರೆ ಬಣ್ಣವೂ ಕಪ್ಪು. ರುಚಿಗೆ ಹೆಸರಿಡೋ ಹಾಗಿಲ್ಲ. ಆದರೆ ಹಬ್ಬದ ಮಧ್ಯಾಹ್ನ ಗ್ರೂಪಲ್ಲಿ ಒಬ್ಬರು ಬರೆದರು: 'ಫೋಟೋದಲ್ಲಿ ಇದ್ದಿದ್ದೇ ಬೇರೆ, ಡಬ್ಬಿಯಲ್ಲಿ ಬಂದಿದ್ದೇ ಬೇರೆ.' ಅದರ ಕೆಳಗೆ ಇನ್ನಿಬ್ಬರು ಹೌದು ಹೌದು ಅಂದರು. ರುಚಿಯ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಗೌರಿ ಹಬ್ಬಕ್ಕೆ ಬಂದ ಆರ್ಡರ್ ಐದೇ ಮನೆಯದು.

ಆಕೆ ಆ ದುಡ್ಡನ್ನು ಮಗನ ಟ್ಯೂಷನ್ ಫೀಸಿಗೆ ಅಂತ ಲೆಕ್ಕ ಹಾಕಿಕೊಂಡಿದ್ದಳು. ನಂಗೊಂದು ಮಾತೂ ಅನ್ನಲಿಲ್ಲ. ಆದರೆ ಆ ಫೋಟೋ ಹುಡುಕಿಕೊಟ್ಟವಳು ನಾನೇ ಅಲ್ವೇ? ಆವತ್ತಿನಿಂದ ಈ ಅಡುಗೆ ಫೋಟೋ ಅನ್ನೋ ವಿಷಯ ನನ್ನ ತಲೆಯಿಂದ ಹೋಗೇ ಇಲ್ಲ. ಪತ್ರಿಕೆಯಲ್ಲಿ ಈ ಬಗ್ಗೆ ಏನೇ ಬಂದರೂ ಕತ್ತರಿಸಿ ಇಟ್ಕೊಳ್ತೀನಿ. ಹೀಗೆ ತಿಳಿದುಕೊಂಡಿದ್ದನ್ನು, ಮಾಡಿ ಕಲಿತದ್ದನ್ನು ಇಲ್ಲಿ ನಿಮ್ಮ ಮುಂದೆ ಇಡ್ತಾ ಇದ್ದೀನಿ.

ಸುದ್ದಿಯಲ್ಲಿ ಅಡುಗೆ ಫೋಟೋ

'ಅಡುಗೆ ಫೋಟೋದಲ್ಲಿ ಏನು ಮಹಾ ಸುದ್ದಿ ಇದೆ?' ಅಂತೀರಾ? ಕಳೆದ ಕೆಲವು ವರ್ಷಗಳಲ್ಲಿ ನಡೆದದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ.

2024ರ ಆಗಸ್ಟ್‌ನಲ್ಲಿ ಜೊಮ್ಯಾಟೊ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಕಂಪ್ಯೂಟರೇ ಬಿಡಿಸಿಕೊಡುವ, ಅಂದರೆ ಎಐ ಮಾಡಿಕೊಡುವ ತಿಂಡಿಗಳ ಚಿತ್ರಗಳನ್ನು ಹೋಟೆಲಿನವರು ಮೆನುವಿನಲ್ಲಿ ಹಾಕಬಾರದು, ಹಾಕಿರೋದನ್ನು ತೆಗೆದುಹಾಕುತ್ತೇವೆ ಅಂತ. ಕಾರಣ ಏನು ಕೊಟ್ಟರು ಗೊತ್ತೇ? ಇಂಥ ಚಿತ್ರಗಳಿಂದ ಗ್ರಾಹಕರ ನಂಬಿಕೆ ಕೆಡುತ್ತೆ, ದೂರು ಮತ್ತು ಹಣ ವಾಪಸಾತಿ ಜಾಸ್ತಿಯಾಗುತ್ತೆ, ರೇಟಿಂಗ್ ಇಳಿಯುತ್ತೆ. ನಿಜವಾದ ಫೋಟೋ ಇಲ್ಲದ ಹೋಟೆಲಿನವರಿಗೆ ಖರ್ಚಿನ ದರದಲ್ಲೇ ಫೋಟೋ ತೆಗೆಸಿಕೊಡುವುದಾಗಿಯೂ ಹೇಳಿದರು. ಅಷ್ಟು ದೊಡ್ಡ ಸಂಸ್ಥೆಗೇ ಅರಿವಾದ ಸತ್ಯ ಇದು. ನಮ್ಮ ಓರಗಿತ್ತಿಗೆ ಐದು ಮನೆಯ ಆರ್ಡರಿನಲ್ಲಿ ಅರಿವಾಯಿತು, ಅಷ್ಟೇ ವ್ಯತ್ಯಾಸ.

ಅದೇ 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಇನ್ನೊಂದು ಸುದ್ದಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ಮತ್ತು ಬಣ್ಣದ ಬೊಂಬಾಯಿ ಮಿಠಾಯಿಯನ್ನು ಸರ್ಕಾರ ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಇತ್ತು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲಿ ಇತ್ತು. ಬಟ್ಟೆಗೆ ಹಾಕೋ ರೋಡಮಿನ್-ಬಿ ಅನ್ನೋ ಬಣ್ಣ ಮಕ್ಕಳ ಬಾಯಿಗೆ ಹೋಗ್ತಿತ್ತು! ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಬಂತು.

ಇದಕ್ಕೂ ಫೋಟೋಗೂ ಏನು ಸಂಬಂಧ? ಯೋಚನೆ ಮಾಡಿ. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹಾಕಿ ಗೋಬಿ ಮಾಡಿದರೆ ಬರೋದು ಇಟ್ಟಿಗೆಯಂಥ ಬಣ್ಣ. ಆದರೆ ಬೋರ್ಡಿನ ಮೇಲೆ, ಮೊಬೈಲಿನಲ್ಲಿ ಕುಂಕುಮದ ಹಾಗೆ ಕೆಂಪಗಿರೋದನ್ನು ನೋಡಿ ನೋಡಿ ನಮ್ಮ ಮಕ್ಕಳ ಕಣ್ಣು ಅದಕ್ಕೇ ಒಗ್ಗಿಹೋಗಿದೆ. 'ಅಮ್ಮಾ, ನಿನ್ನ ಗೋಬಿ ಕೆಂಪಗೇ ಇಲ್ಲ' ಅಂತ ನನ್ನ ಮಗಳು ಎಷ್ಟು ಸಲ ಮೂತಿ ತಿರುವಿದ್ದಾಳೋ! ಫೋಟೋ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಗಾಡಿಯವರು ಬಣ್ಣ ಹಾಕೋದು ಮೊಬೈಲು ಬರೋಕೆ ಮುಂಚಿನಿಂದಲೂ ಇತ್ತು. ಆದರೆ ಕಣ್ಣಿಗೆ ಸುಳ್ಳು ಬಣ್ಣ ಅಭ್ಯಾಸವಾದರೆ, ನಾಲಿಗೆಗೂ ಅದೇ ಬೇಕು ಅನ್ನಿಸುತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಕೊಳ್ಳುವವರೂ ಕಮ್ಮಿ ಏನಿಲ್ಲ! 2025ರಲ್ಲಿ ಒಂದು ಸುದ್ದಿ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ತರಿಸಿಕೊಂಡ ಮೊಟ್ಟೆ ಟ್ರೇಯಲ್ಲಿ ಒಡೆದಿದ್ದು ಒಂದೇ ಒಂದು. ಎಐ ಬಳಸಿ ಟ್ರೇ ತುಂಬಾ ಒಡೆದ ಹಾಗೆ ಫೋಟೋ ಮಾಡಿ, ಪೂರ್ತಿ ಹಣ ವಾಪಸ್ ಪಡೆದರಂತೆ. ಮಾರೋರೂ ಸುಳ್ಳು ಫೋಟೋ, ಕೊಳ್ಳೋರೂ ಸುಳ್ಳು ಫೋಟೋ. ಮಧ್ಯದಲ್ಲಿ ಪೆಟ್ಟು ಬೀಳೋದು ಮನೆಯಲ್ಲಿ ಕೂತು ನಾಲ್ಕು ಡಬ್ಬಿ ಚಕ್ಕುಲಿ ಮಾಡಿ ಮಾರೋ ನಮ್ಮಂಥವರಿಗೆ.

ಹಳೇ ಚಾಳಿಯೇ!

ಇದು ಮೊಬೈಲ್ ಬಂದ ಮೇಲೆ ಶುರುವಾದದ್ದು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1960ರ ದಶಕದ ಕೊನೆಯಲ್ಲಿ ಕ್ಯಾಂಪ್‌ಬೆಲ್ ಅನ್ನೋ ಸೂಪ್ ಕಂಪನಿಯ ಜಾಹೀರಾತು ದೊಡ್ಡ ಗಲಾಟೆ ಮಾಡಿತ್ತು. ಸೂಪ್ ಬಟ್ಟಲಿನಲ್ಲಿ ತರಕಾರಿ ಚೂರೆಲ್ಲ ತಳ ಸೇರುತ್ತೆ ಅಲ್ವೇ? ಅದಕ್ಕೆ ಅವರು ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿ, ಮೇಲೆ ಸೂಪ್ ಸುರಿದು ಫೋಟೋ ತೆಗೆದರು. ತರಕಾರಿಯೆಲ್ಲ ಮೇಲೆ ನಿಂತು, ಬಟ್ಟಲು ತುಂಬಾ ತರಕಾರಿ ಇರೋ ಹಾಗೆ ಕಂಡಿತು. ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ಇದು ಮೋಸ ಅಂತ ಆಕ್ಷೇಪಿಸಿತು. ಕೊನೆಗೆ ಕಂಪನಿ ಇನ್ನು ಹಾಗೆ ಮಾಡಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು.

ಜಾಹೀರಾತು ಲೋಕದಲ್ಲಿ ಹಾಲಿನ ಬದಲು ಬಿಳಿ ಅಂಟು, ಐಸ್‌ಕ್ರೀಮಿನ ಬದಲು ಕಿವುಚಿದ ಆಲೂಗೆಡ್ಡೆ, ಹೊಳಪಿಗೆ ಎಣ್ಣೆ... ಇಂಥ ಉಪಾಯಗಳು ಬೇಕಾದಷ್ಟಿವೆ. ಗಂಟೆಗಟ್ಟಲೆ ಬಿಸಿ ದೀಪದ ಕೆಳಗೆ ನಿಲ್ಲಬೇಕಾದ ತಿಂಡಿಗೆ ಅವರು ಹಾಗೆ ಮಾಡ್ತಿದ್ದರು. ನಮಗೆ ಆ ಪಾಡೇನಿದೆ? ನಮ್ಮದು ಎರಡು ನಿಮಿಷದ ಕೆಲಸ. ಫೋಟೋ ಆದ ಮೇಲೆ ಅದೇ ತಟ್ಟೆ ಊಟಕ್ಕೂ ಬರಬೇಕು!

ನಮ್ಮ ದೇಶದಲ್ಲೂ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೋಳಿಗೆ ಮಾರೋರ ಮನೆ ಬಾಗಿಲಿಗೆ ಯಾರೂ ಬರಲ್ಲ ಬಿಡಿ. ಆದರೆ ನಮ್ಮ ವ್ಯಾಪಾರಕ್ಕೆ ಪ್ರಾಧಿಕಾರಕ್ಕಿಂತ ದೊಡ್ಡದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು! ಅಲ್ಲಿ ಒಂದು ಸಲ ಮಾತು ಬಂದರೆ ದಂಡ ಕಟ್ಟಿ ಮುಗಿಸೋಕೂ ಆಗಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ದೊಡ್ಡವರ ಹತ್ತಿರ ದುಡ್ಡಿದೆ, ಸ್ಟುಡಿಯೋ ಇದೆ, ಎಐ ಇದೆ. ನಮ್ಮ ಹತ್ತಿರ ಇರೋ ಒಂದೇ ಬಂಡವಾಳ ನಂಬಿಕೆ. 'ಆಕೆ ತೋರಿಸಿದ್ದೇ ಕಳಿಸ್ತಾರೆ' ಅನ್ನೋ ಮಾತು ಬಂದರೆ ಸಾಕು, ಗಿರಾಕಿ ಎಲ್ಲೂ ಹೋಗಲ್ಲ. ಹಾಗಂತ ಮಬ್ಬು ಮಬ್ಬಾದ, ಟ್ಯೂಬ್‌ಲೈಟಿನ ಕೆಳಗೆ ಹಸಿರು ಹಸಿರಾಗಿ ಕಾಣೋ ಫೋಟೋ ಹಾಕಿದರೆ ಅದೂ ಸುಳ್ಳೇ! ನಿಮ್ಮ ಕೈರುಚಿಗೆ ಅದು ಅನ್ಯಾಯ. ತಿಂಡಿ ಎದುರಿಗೆ ಹೇಗೆ ಕಾಣುತ್ತೋ ಹಾಗೇ ಕಾಣಬೇಕು. ಅದಕ್ಕೊಂದಿಷ್ಟು ಕಲಿತರೆ ಸಾಕು. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಬೆಳಕು

* ಫೋಟೋ ತೆಗೆಯೋ ಮುನ್ನ ಮೊಬೈಲಿನ ಕ್ಯಾಮೆರಾ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಅಡುಗೆಮನೆಯಲ್ಲಿರೋ ಫೋನಿಗೆ ಎಣ್ಣೆ ಕೈ ತಾಗದೇ ಇರುತ್ತದೆಯೇ? ಅರ್ಧ ಫೋಟೋ ಮಬ್ಬಾಗೋದು ಇದರಿಂದಲೇ.

* ಮನೆಯಲ್ಲಿ ಚೆನ್ನಾಗಿ ಬೆಳಕು ಬರೋ ಒಂದು ಕಿಟಕಿಯನ್ನೋ ಬಾಲ್ಕನಿ ಬಾಗಿಲನ್ನೋ ಗುರುತು ಮಾಡಿಕೊಳ್ಳಿ. ತಟ್ಟೆಯನ್ನು ಅದರ ಪಕ್ಕ ಒಂದು ಸ್ಟೂಲಿನ ಮೇಲೆ ಇಡಿ. ಬೆಳಕು ತಟ್ಟೆಗೆ ಪಕ್ಕದಿಂದ ಬೀಳಲಿ, ಇಲ್ಲವೇ ಹಿಂದಿನಿಂದ ಓರೆಯಾಗಿ ಬರಲಿ. ನಿಮ್ಮ ಬೆನ್ನ ಹಿಂದಿನಿಂದ ಬಂದರೆ ನಿಮ್ಮ ನೆರಳೇ ತಟ್ಟೆ ಮೇಲೆ ಬೀಳುತ್ತೆ, ತಿಂಡಿಯೂ ಚಪ್ಪಟೆಯಾಗಿ ಕಾಣುತ್ತೆ.

* ಫ್ಲ್ಯಾಶ್ ಬೇಡ. ಅದು ಸಾರಿನ ಮೇಲೆ ಬಿಳೀ ಚುಕ್ಕೆ ಮೂಡಿಸುತ್ತೆ, ಪಲ್ಯವನ್ನು ಪೇಲವ ಮಾಡುತ್ತೆ.

* ಆ ಹೊತ್ತಿಗೆ ಕೋಣೆಯ ಲೈಟೆಲ್ಲ ಆರಿಸಿ. ಕಿಟಕಿ ಬೆಳಕಿನ ಬಣ್ಣವೇ ಬೇರೆ, ಬಲ್ಬಿನ ಬಣ್ಣವೇ ಬೇರೆ. ಎರಡೂ ಸೇರಿದರೆ ಅನ್ನ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ!

* ನೇರ ಬಿಸಿಲು ಬೀಳ್ತಾ ಇದ್ದರೆ ಕಿಟಕಿಗೆ ತೆಳುವಾದ ಬಿಳೀ ಪಂಚೆ ಕಟ್ಟಿ. ಬೆಳಕು ಮೆತ್ತಗಾಗುತ್ತೆ. ಬಣ್ಣದ ಪರದೆ ಬೇಡ, ಅದರ ಬಣ್ಣವೇ ತಿಂಡಿಗೂ ಬರುತ್ತೆ.

* ಕಿಟಕಿಯ ಎದುರು ಬದಿಯಲ್ಲಿ ನೆರಳು ಗಾಢವಾಗಿದ್ದರೆ ಅಲ್ಲಿ ಒಂದು ಬಿಳೀ ಥರ್ಮೊಕೋಲ್ ತುಂಡನ್ನೋ ದಪ್ಪ ಬಿಳೀ ಹಾಳೆಯನ್ನೋ ನಿಲ್ಲಿಸಿ. ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತೆ, ನೆರಳು ತಿಳಿಯಾಗುತ್ತೆ. ಗಣಪತಿ ಮಂಟಪಕ್ಕೆ ತಂದು ಉಳಿದ ತುಂಡು ಸಾಕು.

ರಾತ್ರಿ ಅಡುಗೆ ಮಾಡೋರು ಏನು ಮಾಡಬೇಕು? ಒಂದು ಪಾಲು ತೆಗೆದಿಟ್ಟು ಬೆಳಿಗ್ಗೆ ತೆಗೆಯಿರಿ. ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿಗೆ ಇದರಿಂದ ಏನೂ ನಷ್ಟ ಇಲ್ಲ.

ಇಡ್ಲಿ ಯಾಕೆ ಬೂದು ಬಣ್ಣ?

ಇದು ತುಂಬಾ ಜನ ಕೇಳೋ ಪ್ರಶ್ನೆ. ಮಲ್ಲಿಗೆ ಹೂವಿನಂಥ ಇಡ್ಲಿ ಫೋಟೋದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತೆ. ಕಪ್ಪಗೆ ಹೊಳೆಯೋ ರಾಗಿ ಮುದ್ದೆ ಬಿಳಿಚಿಕೊಂಡಿರುತ್ತೆ. ಯಾಕೆ ಅಂದರೆ, ಎದುರಿಗಿರೋದು ಇಡ್ಲಿಯೋ ಮುದ್ದೆಯೋ ಮೊಬೈಲಿಗೆ ಗೊತ್ತಾಗಲ್ಲ. ಎಲ್ಲವನ್ನೂ ಅದು ನಡುವಿನ ಬೆಳಕಿಗೆ ತರೋಕೆ ನೋಡುತ್ತೆ. ಬಿಳಿಯದು ಜಾಸ್ತಿ ಇದ್ದರೆ ಕತ್ತಲು ಮಾಡುತ್ತೆ, ಕಪ್ಪು ಜಾಸ್ತಿ ಇದ್ದರೆ ಬೆಳಕು ಮಾಡುತ್ತೆ.

ಪರಿಹಾರ ಸುಲಭ. ಪರದೆ ಮೇಲೆ ಇಡ್ಲಿ ಇರೋ ಜಾಗಕ್ಕೆ ಬೆರಳಿಂದ ಒಮ್ಮೆ ಒತ್ತಿ. ಅಲ್ಲಿ ಚೌಕವೋ ವೃತ್ತವೋ ಮೂಡುತ್ತೆ. ಬಹುತೇಕ ಫೋನುಗಳಲ್ಲಿ ಪಕ್ಕದಲ್ಲೇ ಸೂರ್ಯನಂಥ ಗುರುತು ಬರುತ್ತೆ. ಅದನ್ನು ಸ್ವಲ್ಪ ಮೇಲೆ ಎಳೆದರೆ ಇಡ್ಲಿ ಬೆಳ್ಳಗಾಗುತ್ತೆ. ಮುದ್ದೆಗೆ ಸ್ವಲ್ಪ ಕೆಳಗೆ ಎಳೆಯಿರಿ. ಇದು ಮೋಸ ಅಲ್ಲ, ಕ್ಯಾಮೆರಾ ಮಾಡಿದ ತಪ್ಪನ್ನು ತಿದ್ದೋದು. ತಟ್ಟೆಯನ್ನೂ ಎದುರಿಗೇ ನೋಡಿ, ಪರದೆಯನ್ನೂ ನೋಡಿ. ಎರಡೂ ಒಂದೇ ಥರ ಕಂಡ ಕೂಡಲೇ ನಿಲ್ಲಿಸಿಬಿಡಿ.

ಯಾವ ತಿಂಡಿಗೆ ಎಲ್ಲಿಂದ ಫೋಟೋ?

* ಬಾಳೆಲೆ ಊಟ, ಮಸಾಲೆದೋಸೆ, ಅಕ್ಕಿರೊಟ್ಟಿ, ತಟ್ಟೆ ತುಂಬಾ ಜೋಡಿಸಿದ ಕೋಡುಬಳೆ - ಇವಕ್ಕೆ ನೇರ ಮೇಲಿನಿಂದ. ರಂಗೋಲಿಯನ್ನು ನಿಂತು ನೋಡ್ತೀವಲ್ಲ, ಹಾಗೆ. ಫೋನು ನೆಲಕ್ಕೆ ಸಮನಾಗಿರಲಿ. ಕ್ಯಾಮೆರಾ ಸೆಟ್ಟಿಂಗಿನಲ್ಲಿ 'ಗ್ರಿಡ್' ಹಾಕಿಕೊಂಡರೆ ಪರದೆ ಮೇಲೆ ಗೆರೆ ಬರುತ್ತೆ, ತಟ್ಟೆ ವಾಲಿದೆಯೇ ಅಂತ ತಿಳಿಯುತ್ತೆ.

* ಬಿಸಿಬೇಳೆಬಾತ್, ಸಾರು, ಪಾಯಸ, ಕೇಸರಿಬಾತ್ - ಇವಕ್ಕೆ ಊಟಕ್ಕೆ ಕೂತಾಗ ಕಾಣೋ ಹಾಗೆ, ಓರೆಯಾಗಿ. ಬಟ್ಟಲಿನ ಆಳವೂ ಗೊತ್ತಾಗುತ್ತೆ, ಮೇಲಿನ ಒಗ್ಗರಣೆಯೂ ಕಾಣುತ್ತೆ.

* ಒಂದರ ಮೇಲೊಂದು ಇಟ್ಟ ಹೋಳಿಗೆ, ತಟ್ಟೆ ಇಡ್ಲಿ, ಗೂಡು ಗೂಡಾದ ಮೈಸೂರು ಪಾಕ್, ಲೋಟದ ಕಾಫಿ - ಇವಕ್ಕೆ ಫೋನನ್ನು ತಟ್ಟೆಯ ಮಟ್ಟಕ್ಕೇ ಇಳಿಸಿ ಎದುರಿನಿಂದ ತೆಗೆಯಿರಿ. ಪದರ, ನೊರೆ, ಗೂಡು ಎಲ್ಲ ಇಲ್ಲೇ ಕಾಣೋದು.

ತುಂಬಾ ಹತ್ತಿರ ಹೋಗಿ ತೆಗೆದರೆ ಗುಂಡಗಿನ ತಟ್ಟೆ ಮೊಟ್ಟೆ ಆಕಾರಕ್ಕೆ ತಿರುಗುತ್ತೆ. ಒಂದು ಹೆಜ್ಜೆ ಹಿಂದೆ ಸರಿದು ತೆಗೆಯಿರಿ, ಬೇಡದ ಜಾಗವನ್ನು ಆಮೇಲೆ ಕತ್ತರಿಸಿ. ಬೆರಳಲ್ಲಿ ಪರದೆ ಹಿಗ್ಗಿಸಿ ಜೂಮ್ ಮಾಡಿದರೆ ಫೋಟೋ ಒರಟಾಗುತ್ತೆ.

ಸ್ಟೀಲ್ ತಟ್ಟೆ ನಮ್ಮೆಲ್ಲರ ಮನೆಯದು. ಆದರೆ ಫೋಟೋಗೆ ಅದು ಕನ್ನಡಿ! ಕಿಟಕಿ, ಫ್ಯಾನು, ನಿಮ್ಮ ಮುಖ ಎಲ್ಲ ಅದರಲ್ಲೇ ಇರುತ್ತೆ. ತಟ್ಟೆ ಮೇಲೆ ಬಾಳೆಲೆ ತುಂಡು ಹಾಕಿ. ಇಲ್ಲವೇ ಪಿಂಗಾಣಿ, ಮಣ್ಣಿನ ಬಟ್ಟಲು, ಅಜ್ಜಿ ಕಾಲದ ಹಿತ್ತಾಳೆ ಬಟ್ಟಲು ಬಳಸಿ (ಹಿತ್ತಾಳೆಗೆ ಕಲಾಯಿ ಇಲ್ಲದಿದ್ದರೆ ಹುಳಿ ಪದಾರ್ಥ ಹಾಕಬೇಡಿ, ಫೋಟೋ ಆದ ಮೇಲೆ ತಿನ್ನಬೇಕಲ್ಲ!). ಕೆಳಗೆ ಹಾಸೋಕೆ ಹೂವು ಹೂವಿನ ಟೇಬಲ್ ಕವರ್ ಬೇಡ. ಒಂದೇ ಬಣ್ಣದ ಹತ್ತಿ ಸೀರೆ, ಚಾಪೆ, ಮರದ ಮಣೆ ಎಷ್ಟು ಚೆನ್ನಾಗಿರುತ್ತೆ ನೋಡಿ.

ಎರಡು ನಿಮಿಷದ ಆಟ

ದೋಸೆ ಗರಿಗರಿ ಇರೋದು ಎಷ್ಟು ಹೊತ್ತು? ಸಾರಿನ ಮೇಲೆ ಕೆನೆಗಟ್ಟೋಕೆ, ತುಪ್ಪ ಹೆಪ್ಪುಗಟ್ಟೋಕೆ, ಕೊತ್ತಂಬರಿ ಬಾಡೋಕೆ ಎಷ್ಟು ಹೊತ್ತು ಬೇಕು? ಅದಕ್ಕೇ ತಿಂಡಿ ಒಲೆ ಮೇಲಿರುವಾಗಲೇ ಖಾಲಿ ತಟ್ಟೆ ಇಟ್ಟು ಬೆಳಕು, ಜಾಗ, ಕೋನ ಎಲ್ಲ ಸರಿಮಾಡಿಕೊಳ್ಳಿ. ಒಂದೆರಡು ಫೋಟೋ ತೆಗೆದೂ ನೋಡಿ. ಆಮೇಲೆ ಬಿಸಿ ಬಿಸಿ ಬಡಿಸಿ, ಅಂಚಿಗೆ ಚೆಲ್ಲಿದ್ದನ್ನು ಒರೆಸಿ, ಐದಾರು ಫೋಟೋ ಟಕಟಕ ತೆಗೆದುಬಿಡಿ. ಮನೆಯವರು 'ಊಟ ಆರ್ತಾ ಇದೆ' ಅಂತ ಗೊಣಗೋದೂ ತಪ್ಪುತ್ತೆ.

ಹಬೆ ಕಾಣಬೇಕೇ? ಹಿಂದೆ ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ಇರಲಿ, ಬೆಳಕು ಹಿಂದಿನ ಪಕ್ಕದಿಂದ ಬರಲಿ. ಹಬೆ ತಾನಾಗಿ ಕಾಣುತ್ತೆ. ಕೆಲವರು ಅಗರಬತ್ತಿ ಹಚ್ಚಿ ಹಿಂದೆ ಇಡ್ತಾರೆ. ಬೇಡ ಕಣ್ರೀ. ಬಿಸಿಬೇಳೆಬಾತಿಗೆ ಊದುಬತ್ತಿ ವಾಸನೆ ಹಿಡಿದರೆ ಯಾರು ತಿನ್ನೋರು?

ಬಿಸಿಬೇಳೆಬಾತ್, ಬಸ್ಸಾರು, ಗೊಜ್ಜು ಇವೆಲ್ಲ ಒಂದೇ ಕಂದು ಬಣ್ಣ, ಫೋಟೋಗೆ ಕಷ್ಟ. ಇಂಥವಕ್ಕೆ ಜತೆಗೆ ನಿಜವಾಗಿ ಬಡಿಸೋದನ್ನೇ ಇಡಿ. ಕರಿಬೇವು, ಗೋಡಂಬಿಯ ಒಗ್ಗರಣೆ, ಪಕ್ಕದಲ್ಲಿ ಖಾರಾ ಬೂಂದಿ, ಬಸ್ಸಾರಿಗೆ ಮುದ್ದೆ ಮತ್ತು ಸೊಪ್ಪಿನ ಪಲ್ಯ. ಡಬ್ಬಿಯಲ್ಲಿ ಹೋಗದ ಕೇಸರಿ ಎಳೆ, ಪಿಸ್ತಾ, ಬೆಳ್ಳಿ ಹಾಳೆ ಫೋಟೋದಲ್ಲೂ ಬೇಡ.

ತಿದ್ದೋದು ಎಷ್ಟು?

ಬೆಳಕು ಸ್ವಲ್ಪ ಹೆಚ್ಚಿಸೋದು, ವಾಲಿದ್ದನ್ನು ನೇರ ಮಾಡೋದು, ಅಂಚು ಕತ್ತರಿಸೋದು, ಹಳದಿಗೆ ತಿರುಗಿದ್ದನ್ನು ಸರಿಮಾಡೋದು - ಇಷ್ಟು ಧಾರಾಳವಾಗಿ ಮಾಡಿ. ಬಣ್ಣ ಗಾಢ ಮಾಡೋ 'ಸ್ಯಾಚುರೇಷನ್' ಮಾತ್ರ ಮುಟ್ಟಬೇಡಿ. ಫಿಲ್ಟರ್ ಬೇಡ. ಕೆಲವು ಫೋನುಗಳು 'ಫುಡ್ ಮೋಡ್' ಅಂತ ತಾವಾಗಿಯೇ ಕೆಂಪು, ಹಳದಿ ಜಾಸ್ತಿ ಮಾಡುತ್ತವೆ. ನಿಮ್ಮ ಫೋನಿನಲ್ಲಿ ಅದಿದ್ದರೆ ಆರಿಸಿ. ಎಐ ಹತ್ತಿರ 'ಇನ್ನೂ ಚೆಂದ ಮಾಡು' ಅಂದರೆ ಅದು ನಿಮ್ಮ ಹೋಳಿಗೆಯನ್ನು ತೆಗೆದು ಬೇರೆ ಯಾರದೋ ಹೋಳಿಗೆ ಇಟ್ಟುಬಿಡುತ್ತೆ!

ನಂಗೆ ನಾನೇ ಹಾಕಿಕೊಂಡ ಒಂದು ಪರೀಕ್ಷೆ ಇದೆ. ಫೋಟೋವನ್ನು ಮನೆಯಲ್ಲಿ ಆ ತಿಂಡಿ ತಿಂದವರಿಗೇ ತೋರಿಸ್ತೀನಿ. 'ಇದು ಬೆಳಿಗ್ಗೆ ಮಾಡಿದ್ದಾ?' ಅಂತ ಗುರುತು ಹಿಡಿದರೆ ಪಾಸು. 'ಇದು ಯಾವ ಹೋಟೆಲ್‌ದು?' ಅಂದರೆ ಫೇಲು.

ಮಾರೋ ಫೋಟೋಗೆ ಇಷ್ಟು ಇರಲಿ

* ಅಳತೆ ತಿಳಿಯಲಿ. ಚಿಕ್ಕ ತಟ್ಟೆಯಲ್ಲಿ ಇಟ್ಟರೆ ಚಿಕ್ಕ ಹೋಳಿಗೆಯೂ ದೊಡ್ಡದಾಗಿ ಕಾಣುತ್ತೆ. ಪಕ್ಕದಲ್ಲಿ ಒಂದು ಚಮಚವನ್ನೋ ನಿಮ್ಮ ಕೈಯನ್ನೋ ಇಟ್ಟು ಒಂದು ಫೋಟೋ ತೆಗೆಯಿರಿ.

* ಅಲಂಕಾರದ ತಟ್ಟೆಯ ಫೋಟೋ ಒಂದು, ಗಿರಾಕಿಗೆ ನಿಜವಾಗಿ ಹೋಗುವ ಡಬ್ಬಿಯ ಫೋಟೋ ಇನ್ನೊಂದು. ಎರಡನ್ನೂ ಹಾಕಿ.

* ಎಷ್ಟು ಹೋಳಿಗೆ, ಎಷ್ಟು ಗ್ರಾಂ, ಯಾವ ಎಣ್ಣೆ, ಎಷ್ಟು ದಿನ ಇಡಬಹುದು ಅಂತ ಕೆಳಗೆ ಬರೆಯಿರಿ. 'ಬೆಲ್ಲದ ಬಣ್ಣದ ಮೇಲೆ ಹೋಳಿಗೆ ಬಣ್ಣ ಹೆಚ್ಚು ಕಡಿಮೆ ಆಗಬಹುದು' ಅಂತ ಒಂದು ಸಾಲು ಬರೆದರೆ ಆಮೇಲಿನ ಹತ್ತು ಮಾತು ಉಳಿಯುತ್ತೆ.

* ಪ್ರತಿ ಡಬ್ಬಿಯನ್ನೂ ಮುಚ್ಚೋ ಮುನ್ನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಯಾರಾದರೂ 'ಮುರಿದಿತ್ತು, ಕಮ್ಮಿ ಇತ್ತು' ಅಂದರೆ ನಿಮ್ಮ ಹತ್ತಿರ ಸಾಕ್ಷಿ ಇರುತ್ತೆ.

* ಮನೆಯಿಂದ ತಿಂಡಿ ಮಾರೋರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು ಅನ್ನೋದು ನೆನಪಿರಲಿ. ಫೋಟೋ ಎಷ್ಟೇ ಚೆನ್ನಾಗಿದ್ದರೂ ನೋಂದಣಿ ಇಲ್ಲದಿದ್ದರೆ ತೊಂದರೆ.

* ವಾಟ್ಸಾಪಿನಲ್ಲಿ ಕಳಿಸುವಾಗ 'ಎಚ್‌ಡಿ' ಅನ್ನೋದನ್ನು ಒತ್ತಿ ಕಳಿಸಿ. ಇಲ್ಲದಿದ್ದರೆ ಫೋಟೋ ಕುಗ್ಗಿ ಹೋಗುತ್ತೆ.

ಎಚ್ಚರ, ಎಚ್ಚರ

ಇಂಟರ್‌ನೆಟ್ಟಿನಲ್ಲಿ ಸಿಕ್ಕ ಫೋಟೋ ಯಾರದೂ ಅಲ್ಲ ಅಂದುಕೊಳ್ಳಬೇಡಿ (ನಾನು ಅಂದುಕೊಂಡಿದ್ದೆ!). ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಅವರು ಬದುಕಿರೋವರೆಗೂ, ಆಮೇಲೆ 60 ವರ್ಷವೂ ಹಕ್ಕು ಇರುತ್ತೆ. ಇದು ನಿಮಗೂ ಅನ್ವಯಿಸುತ್ತೆ ಕಣ್ರೀ! ನಿಮ್ಮ ಅಡುಗೆಮನೆಯಲ್ಲಿ ನೀವು ತೆಗೆದ ಚಕ್ಕುಲಿಯ ಫೋಟೋ ನಿಮ್ಮದೇ ಆಸ್ತಿ. ಯಾವುದೋ ಅಂಗಡಿಯವರು ಎತ್ತಿ ಹಾಕಿಕೊಂಡರೆ ಕೇಳೋ ಹಕ್ಕು ನಿಮಗಿದೆ. ಮೂಲ ಫೋಟೋವನ್ನು ಫೋನಿನಿಂದ ಅಳಿಸದೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಅಡುಗೆ ಫೋಟೋದ ಹಿಂದೆ ಏನಿದೆ ಅಂತ ನೋಡಿಕೊಳ್ಳಿ. ಕರೆಂಟ್ ಬಿಲ್ಲು, ಮಗಳ ಸ್ಕೂಲ್ ಯೂನಿಫಾರಂ, ಮನೆ ನಂಬರು... ನೂರಾರು ಅಪರಿಚಿತರು ನೋಡ್ತಾರೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ 'ಲೊಕೇಶನ್' ಆರಿಸಿಬಿಡಿ. ಇಲ್ಲದಿದ್ದರೆ ಎಲ್ಲಿ ತೆಗೆದದ್ದು ಅನ್ನೋ ವಿವರವೂ ಫೋಟೋ ಜತೆಗೇ ಇರುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಆ ವಿವರವೂ ಹೋಗಿಬಿಡಬಹುದು.

ಇನ್ನು ನೀವೇ ಗಿರಾಕಿ ಆಗಿದ್ದಾಗ? ಫೋಟೋ ನೋಡಿ ತರಿಸಿಕೊಂಡದ್ದು ಪೂರಾ ಬೇರೆಯೇ ಬಂದರೆ ಸುಮ್ಮನಿರಬೇಡಿ. ಮೆನುವಿನ ಫೋಟೋದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬಂದದ್ದರ ಫೋಟೋ ತೆಗೆಯಿರಿ, ಮೊದಲು ಆ್ಯಪಿನಲ್ಲೇ ದೂರು ಕೊಡಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆದರೆ ನೆರೆಮನೆಯಾಕೆ ಮಾಡಿ ಕಳಿಸಿದ್ದರಲ್ಲಿ ಏನಾದರೂ ಹೆಚ್ಚು ಕಡಿಮೆ ಆಗಿದ್ದರೆ ಗ್ರೂಪಿನಲ್ಲಿ ಬರೆಯೋ ಮುನ್ನ ಒಂದು ಸಲ ಆಕೆಗೇ ಫೋನ್ ಮಾಡಿ. ಆ ಒಂದು ಸಾಲು ಬರೆಯೋಕೆ ನಿಮಗೆ ಅರ್ಧ ನಿಮಿಷ ಸಾಕು, ಅದನ್ನು ಅಳಿಸೋಕೆ ಆಕೆಗೆ ವರ್ಷವೇ ಬೇಕಾಗಬಹುದು.

ಮತ್ತೆ ಹೋಳಿಗೆ

ನಮ್ಮ ಓರಗಿತ್ತಿಯ ಕಥೆ ಏನಾಯ್ತು ಅಂತ ಕೇಳ್ತೀರಾ? ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ನಾನೇ ಅವಳ ಮನೆಗೆ ಹೋದೆ. ಬಾಲ್ಕನಿ ಬಾಗಿಲ ಹತ್ತಿರ ಮರದ ಮಣೆ ಇಟ್ಟೆವು. ಮೇಲೆ ಬಾಳೆಲೆ, ಅದರ ಮೇಲೆ ಅವಳದೇ ಕೈಯ ಹೋಳಿಗೆ. ಒಂದನ್ನು ಮುರಿದು ಇಟ್ಟೆವು, ಒಳಗಿನ ಹೂರಣ ಕಾಣಲಿ ಅಂತ. ಮೊದಲ ಇಪ್ಪತ್ತು ಫೋಟೋ ಹಾಳು. ಒಂದರಲ್ಲಿ ನನ್ನ ನೆರಳು, ಒಂದರಲ್ಲಿ ಮೈದುನನ ಚಪ್ಪಲಿ! ಇಪ್ಪತ್ತೊಂದನೆಯದು ಚೆನ್ನಾಗಿ ಬಂತು. ದಪ್ಪ, ಕಪ್ಪು ಬೆಲ್ಲದ ಬಣ್ಣ, ಅಂಚಲ್ಲಿ ಸುಟ್ಟ ಚುಕ್ಕೆ, ಎಲ್ಲ ಇದ್ದ ಹಾಗೇ.

ಗ್ರೂಪಿಗೆ ಹಾಕುವಾಗ ಅವಳೇ ಕೂತು ಬರೆದಳು: 'ಹೋದ ಸಲ ಹಾಕಿದ್ದು ನಮ್ಮ ಹೋಳಿಗೆಯ ಫೋಟೋ ಆಗಿರಲಿಲ್ಲ, ತಪ್ಪಾಯಿತು. ಇದು ಇವತ್ತು ಬೆಳಿಗ್ಗೆ ನಮ್ಮನೆಯಲ್ಲಿ ಮಾಡಿದ್ದು. ಹೀಗೇ ಇರುತ್ತೆ.' ಹನ್ನೊಂದು ಮನೆಯಿಂದ ಆರ್ಡರ್ ಬಂತು. ಇಪ್ಪತ್ತೆಂಟಲ್ಲ, ನಿಜ. ಆದರೆ ಈ ಸಲ ಹಬ್ಬದ ಮಧ್ಯಾಹ್ನ ಗ್ರೂಪಲ್ಲಿ ಯಾರೂ ಏನೂ ಬರೆಯಲಿಲ್ಲ. ಸಂಜೆ ಹೊತ್ತಿಗೆ ಮೊದಲ ಸಲ ದೂರಿದ್ದ ಅದೇ ಮನೆಯಾಕೆ ಖಾಲಿ ಡಬ್ಬಿ ವಾಪಸ್ ಕೊಡೋಕೆ ಬಂದು, 'ಮುಂದಿನ ಯುಗಾದಿಗೂ ನಮಗೆ ಹತ್ತು ಇರಲಿ' ಅಂದು ಹೋದರಂತೆ.

ಓರಗಿತ್ತಿ ರಾತ್ರಿ ಫೋನ್ ಮಾಡಿ ಹೇಳಿದ್ದು ಇಷ್ಟೇ: 'ಅಕ್ಕಾ, ಈ ಸಲ ಡಬ್ಬಿ ಕಳಿಸುವಾಗ ಎದೆ ಢವಢವ ಅನ್ನಲಿಲ್ಲ.' ನಂಗೂ ಆವತ್ತು ಸ್ವಲ್ಪ ನೆಮ್ಮದಿಯಾಗಿ ನಿದ್ದೆ ಬಂತು.

ನಾಳೆ ಬೆಳಿಗ್ಗೆ ತಿಂಡಿ ಏನು ಮಾಡ್ತೀರಿ? ಉಪ್ಪಿಟ್ಟಾದರೂ ಸರಿಯೇ. ಕಿಟಕಿ ಪಕ್ಕ ಒಂದು ತಟ್ಟೆ ಇಟ್ಟು, ಲೈಟ್ ಆರಿಸಿ, ಒಂದು ಫೋಟೋ ತೆಗೆದು ನೋಡಿ. ನಿಮ್ಮನೆ ಉಪ್ಪಿಟ್ಟು ಇಷ್ಟು ಚೆನ್ನಾಗಿದೆಯಾ ಅಂತ ನಿಮಗೇ ಆಶ್ಚರ್ಯವಾಗದಿದ್ದರೆ ಕೇಳಿ!